ಪದಚರ್ಚೆ: ಬೌದ್ಧರ ‘ಧರ್ಮಪಾಲ’ರನ್ನು ಕನ್ನಡದಲ್ಲಿ ಏನೆಂದು ಕರೆಯುವುದು?

ಬಳಗದವರಿಗೆಲ್ಲ ನಮಸ್ಕಾರ.

ಟಿಬೆಟಿನ ಬೌದ್ಧ ಮಠಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಹಾಕಾಲ, ಹಯಗ್ರೀವ, ಪಲ್ದೆನ್ ಲ್ಹಾಮೊ ಇಂಥ ಉಗ್ರರೂಪಿಗಳಿಗೆಲ್ಲ ಸೇರಿ ಒಂದು ಹೆಸರು ಬೇಕಾಗಿದೆ. ‘ಕಾವಲು ದೇವತೆ’ ಎಂದರೆ ಊರನ್ನೋ ಹೊಲವನ್ನೋ ಕಾಯುವ ಚೌಡಿ, ಬೂತಪ್ಪ ಕಣ್ಣ ಮುಂದೆ ಬರುತ್ತಾರೆ. ಇವರು ಮುಖ್ಯವಾಗಿ ಕಾಯುವುದು ಬುದ್ಧನ ಬೋಧೆಯನ್ನು, ಅದರಂತೆ ನಡೆಯುವ ಸಂಘವನ್ನು.

ಸಂಸ್ಕೃತದ ‘ಧರ್ಮಪಾಲ’ವನ್ನೇ ಉಳಿಸಿಕೊಳ್ಳಬಹುದು. ಟಿಬೆಟಿನವರ ‘ಛೋಕ್ಯೋಂಗ್’ ಕೂಡ ಅದರದೇ ಪಡಿಯಚ್ಚು: ‘ಛೋ’ ಎಂದರೆ ಧರ್ಮ, ‘ಕ್ಯೋಂಗ್’ ಎಂದರೆ ಕಾಯುವುದು. ಆದರೆ ಕನ್ನಡದಲ್ಲಿ ಧರ್ಮಪಾಲ ಎಂದರೆ ಮನುಷ್ಯರ ಹೆಸರು. ಬೌದ್ಧ ಸಂದರ್ಭದಲ್ಲಂತೂ 1891ರಲ್ಲಿ ಮಹಾಬೋಧಿ ಸೊಸೈಟಿ ಕಟ್ಟಿದ ಅನಾಗಾರಿಕ ಧರ್ಮಪಾಲರೇ ನೆನಪಾಗುತ್ತಾರೆ. ಮಠದ ಬಾಗಿಲ ಬಳಿ ಚಿತ್ರಿಸುವ ನಾಲ್ಕು ದಿಕ್ಕಿನ ರಾಜರ ಪಾಡೂ ಇಷ್ಟೇ. ಅವರನ್ನು ‘ಲೋಕಪಾಲ’ರೆಂದರೆ ಭ್ರಷ್ಟಾಚಾರ ತನಿಖೆಯ ವಾಸನೆ ಬರುತ್ತದೆ, ಪಡುವಣದ ರಾಜ ವಿರೂಪಾಕ್ಷ ಹಂಪೆಯವನಲ್ಲ ಎಂದು ಬೇರೆ ಹೇಳಬೇಕು!

ಹೆಸರಿಗಿಂತ ದೊಡ್ಡ ತೊಡಕು ಇವರ ಅಂತಸ್ತಿನದು. ಟಿಬೆಟಿನವರು ಕಾಯುವವರಲ್ಲಿ ಎರಡು ಬಗೆ ಮಾಡುತ್ತಾರೆ: ಸಂಸಾರವನ್ನು ದಾಟಿದವರು, ಇನ್ನೂ ಸಂಸಾರದಲ್ಲೇ ಇರುವವರು. ಮಹಾಕಾಲ ಮೊದಲ ಗುಂಪಿನವನು. ಪೆಹರ್ ಸಾಮಾನ್ಯವಾಗಿ ಎರಡನೆಯದಕ್ಕೆ ಸೇರುತ್ತಾನೆ. 8ನೇ ಶತಮಾನದಲ್ಲಿ ಸಮ್ಯೆ ಮಠ ಕಟ್ಟುವಾಗ ಸ್ಥಳೀಯ ಶಕ್ತಿಗಳು ಅಡ್ಡಿ ಮಾಡಿದವು, ಭಾರತದಿಂದ ಹೋದ ತಾಂತ್ರಿಕ ಗುರು ಪದ್ಮಸಂಭವ ಅವುಗಳನ್ನು ಮಣಿಸಿ ಆಣೆ ಹಾಕಿಸಿ ಧರ್ಮದ ಕಾವಲಿಗೆ ನಿಲ್ಲಿಸಿದ ಎಂಬುದು ಐತಿಹ್ಯ. ಸಮ್ಯೆಯ ಭಂಡಾರ ಕಾಯುವ ಕೆಲಸ ಪೆಹರನ ಪಾಲಿಗೆ ಬಂತು. ಮುಂದೆ ಅವನ ನೆಲೆ ಲ್ಹಾಸಾದ ದ್ರೆಪುಂಗ್ ಮಠದ ಬಳಿಯ ನೆಚುಂಗ್ ಆಯಿತು. ದಲೈ ಲಾಮಾರ ಆಡಳಿತ ಸಲಹೆ ಕೇಳುತ್ತಿದ್ದ ನುಡಿಗಾರ, ಅಂದರೆ ಮೈಮೇಲೆ ದೈವ ಬಂದು ನುಡಿಯುವವನು, ಅಲ್ಲಿಯವನೇ. ಇಂಥವರ ಎದುರು ಬೌದ್ಧರು ನೈವೇದ್ಯ ಇಡುತ್ತಾರೆ, ಕೆಲಸ ಒಪ್ಪಿಸುತ್ತಾರೆ, ಆದರೆ ಶರಣು ಹೋಗುವುದಿಲ್ಲ. ಶರಣು ಬುದ್ಧ, ಧರ್ಮ, ಸಂಘಕ್ಕೆ ಮಾತ್ರ. ಹೀಗಾಗಿ ಭಕ್ತನನ್ನು ಕಾಪಾಡುವ ಇಷ್ಟದೈವದ ಧ್ವನಿಯಿರುವ ‘ರಕ್ಷಕ ದೇವರು’ ನನಗೆ ಒಪ್ಪಿಗೆಯಿಲ್ಲ.

ಶ್ರೀಲಂಕಾದಲ್ಲಿ ಕೊಡುಕೊಳ್ಳುವಿಕೆಯೇ ತಿರುಗುಮುರುಗು. ಅಲ್ಲಿ ವಿಷ್ಣು, ಸಮನ್, ಕತರಗಾಮ ದೇವರು, ನಾಥ ಇವರೆಲ್ಲ ದ್ವೀಪವನ್ನೂ ಬುದ್ಧಧರ್ಮವನ್ನೂ ಕಾಯುವವರು. ಪೂಜೆಯ ಕೊನೆಗೆ ಗಳಿಸಿದ ಪುಣ್ಯದಲ್ಲಿ ದೇವತೆಗಳಿಗೂ ಪಾಲು ಕೊಟ್ಟು ‘ಪುಞ್ಞಂ ತಂ ಅನುಮೋದಿತ್ವಾ ಚಿರಂ ರಕ್ಖನ್ತು ಸಾಸನಂ’ ಎನ್ನುತ್ತಾರೆ: ಆ ಪುಣ್ಯಕ್ಕೆ ಸಂತೋಷಪಟ್ಟು ಬಹುಕಾಲ ಸಾಸನವನ್ನು, ಅಂದರೆ ಬುದ್ಧನ ಬೋಧೆಯನ್ನು, ಕಾಯಲಿ. ಪುಣ್ಯ ಮನುಷ್ಯರಿಂದ ದೇವತೆಗಳಿಗೆ, ಕಾವಲು ದೇವತೆಗಳಿಂದ ಧರ್ಮಕ್ಕೆ.

ಈ ‘ಸಾಸನ’ದಿಂದಲೇ ನನಗೆ ಜೈನರ ‘ಶಾಸನದೇವತೆ’ ಹೊಳೆದದ್ದು. ತೀರ್ಥಂಕರರ ಬೋಧೆಯನ್ನು ಕಾಯುವ ಯಕ್ಷ-ಯಕ್ಷಿಯರಿಗೆ ಕನ್ನಡದಲ್ಲಿ ಬಳಕೆಯಲ್ಲಿರುವ ಪದ. ಹೊಂಬುಜದ ಪದ್ಮಾವತಿ, ಸಿಂಹನಗದ್ದೆಯ ಜ್ವಾಲಾಮಾಲಿನಿ ಎಂದರೆ ತಟ್ಟನೆ ಗೊತ್ತಾಗುತ್ತದೆ. ರಾಗದ್ವೇಷ ಕಳೆದ ಜಿನ ಬೇಡಿಕೆಗೆ ಓಗೊಡುವುದಿಲ್ಲ, ಪಕ್ಕದ ಯಕ್ಷಿ ಓಗೊಡುತ್ತಾಳೆ. ಬುದ್ಧನ ಸುತ್ತಲಿನ ಏರ್ಪಾಡಿಗೂ ಇದಕ್ಕೂ ಬಹಳ ಹೋಲಿಕೆಯಿದೆ. ತಕರಾರು ಏನೆಂದರೆ, ಜೈನರಲ್ಲಿ ಒಬ್ಬೊಬ್ಬ ತೀರ್ಥಂಕರನಿಗೆ ಇಂಥವರೇ ಎಂದು ಜೋಡಿ ಗೊತ್ತಾಗಿದೆ; ಬೌದ್ಧರಲ್ಲಿ ಹಾಗಿಲ್ಲ. ಆದರೂ ಸದ್ಯಕ್ಕೆ ನನ್ನ ಒಲವು ಇದರ ಕಡೆಗೇ.

ಇನ್ನೆರಡು ಕಡೆ ನಿಮ್ಮ ನೆರವು ಬೇಕು. ಪದ್ಮಸಂಭವನ ಆಣೆಗೆ ಕಟ್ಟುಬಿದ್ದವರನ್ನು ಟಿಬೆಟಿನಲ್ಲಿ ‘ದಮ್ಚೆನ್’ ಎನ್ನುತ್ತಾರೆ. ‘ವಚನಬದ್ಧ’ ತೀರಾ ಸಪ್ಪೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಆಣೆಗೆ ಒಳಗಾದ ದೈವಕ್ಕೆ ಜನರ ಬಾಯಲ್ಲಿ ಬೇರೆ ಮಾತಿದೆಯೇ? ಮತ್ತೆ, ಹೇಸರಗತ್ತೆ ಏರಿದ ಪಲ್ದೆನ್ ಲ್ಹಾಮೊ ಹೆಣ್ಣು. ‘ಧರ್ಮಪಾಲ’ವನ್ನೇ ಇಟ್ಟುಕೊಳ್ಳುವುದಾದರೆ ಆಕೆಯನ್ನು ಧರ್ಮಪಾಲೆ ಎನ್ನಬೇಕೋ, ದ್ವಾರಪಾಲಕಿಯ ಹಾಗೆ ಧರ್ಮಪಾಲಕಿ ಎನ್ನಬೇಕೋ?