ಕಾರಿನ ಹಿಂದಿನ ಸೀಟಿಗೆ ಚೊಗರು ಚೆಲ್ಲಿದೆ: ತೊಳೆದಷ್ಟೂ ಕಲೆ ಮರಳಿ ಬರುತ್ತಿದೆ

ತೋಟದದಾರಿ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಅಡಿಕೆ ಬೇಯಿಸುವ ಗಡಿಬಿಡಿಯಲ್ಲಿ ಆದ ಅನಾಹುತ ಇದು. ಭಾವನ ಮನೆಯಲ್ಲಿ ಈ ಸಲ ಹಳೆಯ ಚೊಗರು (ಅಡಿಕೆ ಬೇಯಿಸಿದ ನೀರಿನ ಗಟ್ಟಿ ಕಂದು ರಸ, ಮುಂದಿನ ಅಡಿಕೆಗೆ ಬಣ್ಣ ಕೊಡಲು ಉಳಿಸಿಕೊಳ್ಳುವುದು) ಸಾಲದೆ ಬಂದಿತ್ತು. ನಮ್ಮಲ್ಲಿದ್ದುದನ್ನು ಐದು ಲೀಟರಿನ ಕ್ಯಾನಿಗೆ ತುಂಬಿಸಿ, ಹಿಂದಿನ ಸೀಟಿನ ಮೇಲಿಟ್ಟು ಹೊರಟೆ. ಒಂದು ತಿರುವಿನಲ್ಲಿ ಕ್ಯಾನ್ ಮಗುಚಿತು. ನಾನು ಗಾಡಿ ನಿಲ್ಲಿಸಿ ಎತ್ತುವಷ್ಟರಲ್ಲಿ ಸುಮಾರು ಒಂದು ಲೀಟರ್ ಸೀಟಿನೊಳಗೆ ಇಳಿದಿತ್ತು.

ಸೀಟು ತಿಳಿ ಗೋಧಿ ಬಣ್ಣದ ಬಟ್ಟೆಯದು, ಕಂಪನಿಯಿಂದ ಬಂದದ್ದೇ. ಗಾಡಿಗೆ ಏಳು ವರ್ಷ. ಮರುದಿನ ಬಟ್ಟೆ ಒಗೆಯುವ ಪುಡಿ ಹಾಕಿ ಬ್ರಷ್‌ನಿಂದ ಉಜ್ಜಿದೆ. ಕಂದು ಕಲೆ ಕೆಂಪಾಯಿತು. ಅಡುಗೆ ಸೋಡಾ ಕಲಸಿ ಹಚ್ಚಿದೆ, ಇನ್ನಷ್ಟು ಕೆಂಪಾಯಿತು. ಕೊನೆಗೆ ಪೇಟೆಯ ಒಂದು ವಾಷಿಂಗ್ ಅಂಗಡಿಯಲ್ಲಿ ಶಾಂಪೂ ಮಾಡಿಸಿದೆ. ಮನೆಗೆ ತಂದಾಗ ಹೊಸ ಸೀಟಿನಂತಿತ್ತು. ಮೂರನೆಯ ದಿನ ಒಣಗುತ್ತಿದ್ದಂತೆ ಕಲೆ ಮತ್ತೆ ಮೇಲೆದ್ದಿತು, ಮೊದಲಿಗಿಂತ ದೊಡ್ಡದಾಗಿ, ಅಂಚಿನಲ್ಲಿ ದಟ್ಟ ಬಳೆಯೊಂದಿಗೆ. ಸೀಟಿನ ನಡುವಿನ ಹೊಲಿಗೆಯ ತಗ್ಗಿನಲ್ಲಿ ಶಾಯಿಯಂಥ ಕಪ್ಪು ಗೆರೆಯೂ ಮೂಡಿದೆ. ಅದು ಮೊದಲು ಇರಲಿಲ್ಲ.

ಗಾಡಿ ಕೊಳ್ಳುವಾಗ ಕಲೆ ಹಿಡಿಯದ ಬಟ್ಟೆ ಎಂದಿದ್ದರು. ಬಟ್ಟೆಯೇ ಕಳಪೆಯೇ? ಇಡೀ ಸೀಟಿಗೆ ಹೊಸ ಕವರ್ ಹೊಲಿಸುವುದೇ ಗತಿಯೇ? ಅಮ್ಮ ಕೂರುವ ಜಾಗ ಅದು. ಈಗ ಪ್ರತಿ ಸಲ ಟವೆಲ್ ಹಾಸಿಕೊಂಡು ಕೂರುತ್ತಾರೆ, ಅದನ್ನು ನೋಡಿದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತದೆ.

ಕುಶನ್_ಕೆಲಸ (ಶಿವಮೊಗ್ಗ)

ಮೊದಲು ಒಂದು ಮಾತು: ಇನ್ನು ಒಂದು ಹನಿ ನೀರನ್ನೂ ಮೇಲಿನಿಂದ ಸುರಿಯಬೇಡಿ. ಒದ್ದೆ ಮಾಡಿ ಹಿಂಡಿದ ಬಿಳಿ ಹತ್ತಿ ಬಟ್ಟೆಯನ್ನು ಕಲೆಯ ನಡುವೆ ಇಟ್ಟು, ಮುಷ್ಟಿಯಿಂದ ಭಾರ ಹಾಕಿ ಎರಡು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಏನು ಹತ್ತುತ್ತದೆ ನೋಡಿ ತಿಳಿಸಿ. ಕಪ್ಪು ಗೆರೆ ಹೊಲಿಗೆಯ ಉದ್ದಕ್ಕೂ ಒಂದೇ ಸಮನಾಗಿದೆಯೇ, ಅಥವಾ ಅಲ್ಲಲ್ಲಿ ಚುಕ್ಕಿಯಾಗಿ ಹರಡಿದೆಯೇ?

ತೋಟದದಾರಿ

ಒತ್ತಿ ನೋಡಿದೆ. ಬಿಳಿ ಪಂಚೆಯ ತುಂಡಿಗೆ ಡಿಕಾಕ್ಷನ್ ಬಣ್ಣದ ದುಂಡನೆಯ ಗುರುತು ಬಂತು. ಸೀಟಿನ ಮೇಲ್ಭಾಗ ಒಣಗಿದಂತೆಯೇ ಇತ್ತು, ಒಳಗೆ ಇಷ್ಟು ತೇವ ಉಳಿದಿರುವುದು ಗೊತ್ತೇ ಇರಲಿಲ್ಲ. ಕಪ್ಪು ಒಂದೇ ಸಮನಾಗಿಲ್ಲ. ಗೇಣಿಗೊಂದರಂತೆ ದಟ್ಟ ಚುಕ್ಕಿ, ನಡುವೆ ತೆಳು ಗೆರೆ.

ಕುಶನ್_ಕೆಲಸ

ಹಾಗಾದರೆ ಬಟ್ಟೆಯನ್ನು ದೂರಬೇಡಿ. ಕಾರಿನ ಸೀಟಿನ ಬಟ್ಟೆ ಎಂದರೆ ಒಂದೇ ಪದರವಲ್ಲ. ಮೇಲೆ ಪಾಲಿಯೆಸ್ಟರ್ ನೇಯ್ಗೆ, ಅದರ ಬೆನ್ನಿಗೆ ಕೆಲವೇ ಮಿಲಿಮೀಟರ್ ದಪ್ಪದ ಸ್ಪಂಜು, ಅದರ ಹಿಂದೆ ತೆಳು ಜಾಳಿಗೆ ಬಟ್ಟೆ. ಈ ಮೂರನ್ನೂ ಬೆಸೆದು ಒಂದು ಹಾಳೆ ಮಾಡಿರುತ್ತಾರೆ. ಅದರ ಕೆಳಗೆ ಅಚ್ಚಿನಲ್ಲಿ ಎರೆದ ದಪ್ಪ ಫೋಮ್. ನಿಮ್ಮ ಚೊಗರು ಹೊಲಿಗೆಯ ಸೂಜಿತೂತುಗಳಿಂದ ಇಳಿದು ಆ ಫೋಮ್‌ನಲ್ಲಿ ಕುಳಿತಿದೆ. ಮೇಲೆ ತೊಳೆದಾಗ ಮೇಲಿನದು ಹೋಗುತ್ತದೆ. ಒಣಗುವಾಗ ಒಳಗಿನ ನೀರು ಬಟ್ಟೆಯ ಕಡೆಗೆ ಏರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ನೀರು ಆರಿಹೋಗುತ್ತದೆ, ಬಣ್ಣ ಬಟ್ಟೆಯ ತುದಿಯಲ್ಲಿ ಉಳಿಯುತ್ತದೆ. ಶಾಂಪೂ ಮಾಡಿದವರು ನೀರು ಹೆಚ್ಚು ಹಾಕಿ, ಪೂರ್ತಿ ಎಳೆದು ತೆಗೆಯದೆ ಬಿಟ್ಟಿದ್ದಾರೆ. ಅದಕ್ಕೇ ಬಳೆ ದೊಡ್ಡದಾಯಿತು.

ಗೇಣಿಗೊಂದು ಚುಕ್ಕಿ ಎಂದಿರಲ್ಲ, ಅಲ್ಲಿ ಕಬ್ಬಿಣದ ರಿಂಗುಗಳಿವೆ. ತಗ್ಗಿನಲ್ಲಿ ಬಟ್ಟೆಯನ್ನು ಕೆಳಕ್ಕೆ ಎಳೆದು ಹಿಡಿಯುವುದಕ್ಕೆ ಒಳಗಿನ ತಂತಿಗೆ ರಿಂಗು ಹಾಕಿ ಬಿಗಿದಿರುತ್ತಾರೆ. ಅವು ತುಕ್ಕು ಹಿಡಿದಿವೆ.

ಬಣ್ಣದಬೆನ್ನುಹತ್ತಿ (ಸಾಗರ)

ಕಬ್ಬಿಣ ಎಂದೊಡನೆ ವಿಷಯ ಸ್ಪಷ್ಟವಾಯಿತು. ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವನು ನಾನು, ಮನೆಯಲ್ಲಿ ಅಡಿಕೆಯೂ ಇದೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಚೊಗರಿನಲ್ಲಿ ಇರುವುದು ಟ್ಯಾನಿನ್, ಅಂದರೆ ಬಾಯಿ ಒಗರಾಗಿಸುವ ಅಂಶ. ಅದು ಮೂರು ರೀತಿಯಲ್ಲಿ ಬಣ್ಣ ಬದಲಿಸುತ್ತದೆ, ಮೂರೂ ನಮ್ಮ ಮನೆಯಲ್ಲೇ ನಡೆಯುವಂಥವು. ಎಲೆಅಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುವುದು ಕ್ಷಾರದಿಂದ. ನಿಮ್ಮ ಒಗೆಯುವ ಪುಡಿಯೂ ಕ್ಷಾರ, ಅಡುಗೆ ಸೋಡಾವೂ ಕ್ಷಾರ. ನೀವು ಸೀಟಿನ ಮೇಲೆ ಎಲೆಅಡಿಕೆಯನ್ನೇ ಹಾಕಿದಂತಾಯಿತು. ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯೂ ಬೆರಳುಗಳೂ ಕಪ್ಪಾಗುವುದು ಕಬ್ಬಿಣದಿಂದ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಶಾಯಿ ಮಾಡುತ್ತಿದ್ದರು. ಅಳಲೆಯಲ್ಲಿ ಟ್ಯಾನಿನ್, ಅನ್ನಭೇದಿಯಲ್ಲಿ ಕಬ್ಬಿಣ. ನೀವು ಶಾಯಿಯಂಥ ಗೆರೆ ಎಂದು ಬರೆದದ್ದು ಹೋಲಿಕೆಯಲ್ಲ, ಅದು ನಿಜವಾಗಿಯೂ ಶಾಯಿಯೇ. ಮೂರನೆಯದು ಹುಳಿ. ಕಪ್ಪು ಚಹಾಕ್ಕೆ ನಿಂಬೆರಸ ಹಿಂಡಿದರೆ ಬಣ್ಣ ತಿಳಿಯಾಗುತ್ತದೆ. ನಿಮಗೆ ಬೇಕಾಗಿರುವುದು ಅದು.

ಸಮಾಧಾನದ ಸಂಗತಿಯೂ ಇದೆ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಎಂಬ ಕೈಮಗ್ಗ ಸಹಕಾರ ಸಂಘದವರು ಹತ್ತಿ ಬಟ್ಟೆಗೆ ಇದೇ ಚೊಗರಿನಿಂದಲೂ ಬಣ್ಣ ಕೊಡುತ್ತಾರೆ. ಹತ್ತಿ ಅದನ್ನು ಚೆನ್ನಾಗಿ ಹೀರುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಅದಕ್ಕೆ ಕಾರ್ಖಾನೆಯಲ್ಲಿ ಬಣ್ಣ ಹತ್ತಿಸುವುದಕ್ಕೇ ಬೇರೆ ಜಾತಿಯ ಬಣ್ಣ ಬೇಕು, ಒತ್ತಡದಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಆದ್ದರಿಂದ ನಿಮ್ಮ ಕಲೆ ಎಳೆಯೊಳಗೆ ಹೋಗಿಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡಿದೆ. ಹೊರಬರುತ್ತದೆ.

ಕುಶನ್_ಕೆಲಸ

ಮೇಷ್ಟ್ರು ಹೇಳಿದ ಹುಳಿ ಕೆಲಸ ಮಾಡಬೇಕಾದರೆ ಸೀಟು ಗಾಡಿಯಿಂದ ಹೊರಗೆ ಬರಬೇಕು. ಚಿಕ್ಕ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಭಾಗ ಸಾಮಾನ್ಯವಾಗಿ ಮುಂದಿನ ಅಂಚಿನಲ್ಲಿ ಕ್ಲಿಪ್ಪಿಗೋ ಎರಡು ಬೋಲ್ಟಿಗೋ ನಿಂತಿರುತ್ತದೆ. ಕೈಪಿಡಿ ನೋಡಿ. ಅಡಿಯಲ್ಲಿ ವೈರ್ ಕಾಣಿಸಿದರೆ ಎಳೆಯಬೇಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಆಮೇಲೆ ಕನೆಕ್ಟರ್ ತೆಗೆಯಿರಿ. ಮುಂದಿನ ಸೀಟಾಗಿದ್ದರೆ ನಾನು ಈ ಸಲಹೆಯನ್ನೇ ಕೊಡುತ್ತಿರಲಿಲ್ಲ. ಅದರ ಒರಗಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರಬಹುದು, ಹಳದಿ ಕನೆಕ್ಟರ್ ಕಂಡರೆ ಮನೆಯಲ್ಲಿ ಕೈಹಾಕಲೇಬಾರದು.

ಸೀಟನ್ನು ಬೋರಲು ಹಾಕಿ ರಿಂಗುಗಳನ್ನು ಕಟಿಂಗ್ ಪ್ಲೇಯರ್‌ನಿಂದ ಒಂದೊಂದಾಗಿ ಕತ್ತರಿಸಿ. ಬಟ್ಟೆ ಬೇರೆ, ಫೋಮ್ ಬೇರೆ ಆಗುತ್ತದೆ. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಬಹುದು, ಫೋಮನ್ನು ಕಲ್ಲಿನ ಮೇಲಿಟ್ಟು ಅಂಗೈಯಿಂದ ಒತ್ತಿ ತೊಳೆಯಬಹುದು. ಹಿಂಡಿ ತಿರುಚಬೇಡಿ, ಹರಿಯುತ್ತದೆ.

ಹೆದ್ದಾರಿ_ಹವ್ಯಾಸಿ (ಹುಬ್ಬಳ್ಳಿ)

ಇಷ್ಟೆಲ್ಲ ಯಾಕೆ? ಬಿಳಿ ಬಟ್ಟೆಗೆ ಹಾಕುವ ಬ್ಲೀಚ್ ಸ್ವಲ್ಪ ಹಚ್ಚಿದರೆ ಆಗುವುದಿಲ್ಲವೇ?

ಬಣ್ಣದಬೆನ್ನುಹತ್ತಿ

ದಯವಿಟ್ಟು ಬೇಡ. ಹುಳಿಯ ಅಂಶ ಇರುವಲ್ಲಿ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕಾರಿನಲ್ಲಂತೂ ಅದು ಜೀವಕ್ಕೇ ಅಪಾಯ. ಫೋಮ್ ಕೂಡ ಹಳದಿಗಟ್ಟಿ ಪುಡಿಯಾಗುತ್ತದೆ.

ಹೀಗೆ ಮಾಡಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 20 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಮಳೆನೀರೋ ಕುಡಿಯುವ ನೀರೋ ಬಳಸಿ, ಕೆಂಪಿಳಿಯುವ ಬಾವಿಯ ನೀರಿನಲ್ಲಿ ಕಬ್ಬಿಣ ಇರುತ್ತದೆ, ಅದು ಬೇಡ. ಬಟ್ಟೆಯ ಅಡಿಯಂಚಿನಲ್ಲಿ ಮೊದಲು ಪರೀಕ್ಷಿಸಿ. ಅರ್ಧ ಗಂಟೆ ನೆನೆಸಿ, ತೊಳೆದು, ಮತ್ತೆ ಹೊಸ ನೀರಿನಲ್ಲಿ ನೆನೆಸಿ. ಕಪ್ಪು ಪೂರ್ತಿ ಹೋದ ಮೇಲೆ, ಹುಳಿಯನ್ನೆಲ್ಲ ಚೆನ್ನಾಗಿ ತೊಳೆದು, ಉಳಿದ ಕಂದಿಗೆ ಮಾತ್ರ ಹೈಡ್ರೋಜನ್ ಪೆರಾಕ್ಸೈಡ್. ಔಷಧ ಅಂಗಡಿಯಲ್ಲಿ ಸಿಗುವ 6 ಶೇಕಡಾದ್ದಕ್ಕೆ ಅಷ್ಟೇ ನೀರು ಬೆರೆಸಿ, ಕೈಗವಸು ಹಾಕಿಕೊಂಡು ಹಚ್ಚಿ. ಈ ಅನುಕ್ರಮ ತಪ್ಪಬಾರದು. ಕಬ್ಬಿಣ ಉಳಿದಿರುವಾಗಲೇ ಪೆರಾಕ್ಸೈಡ್ ಹಾಕಿದರೆ ಅದು ಅಲ್ಲೇ ನೊರೆಯಾಗಿ ವ್ಯರ್ಥವಾಗುತ್ತದೆ, ಬಟ್ಟೆಯನ್ನೂ ತಿನ್ನುತ್ತದೆ.

ಮಳೆಕಾಡು (ಶಿರಸಿ)

ಚೊಗರಿಗೆ ನಮ್ಮ ಕಡೆ ತೊಗರು ಎನ್ನುತ್ತೇವೆ. ನನ್ನದೊಂದು ಪ್ರಶ್ನೆ: ಕಲೆ ತಡೆಯುವ ಸ್ಪ್ರೇ ಹಾಕಿಸಿದ್ದರೆ ಇದು ತಪ್ಪುತ್ತಿತ್ತೇ?

ಬಣ್ಣದಬೆನ್ನುಹತ್ತಿ

ಸಾಂಬಾರಿನ ನಾಲ್ಕು ಹನಿಗೆ ತಪ್ಪುತ್ತಿತ್ತು, ಒಂದು ಲೀಟರಿಗೆ ಇಲ್ಲ. ಅಂಥ ಲೇಪ ಎಳೆಯ ಮೇಲೆ ಕೂತು ನೀರನ್ನು ಮಣಿಯಾಗಿ ನಿಲ್ಲಿಸುತ್ತದೆ, ಒರೆಸಿಕೊಳ್ಳಲು ಕೆಲವು ನಿಮಿಷ ಕೊಡುತ್ತದೆ. ಸೂಜಿತೂತನ್ನು ಅದು ಮುಚ್ಚುವುದಿಲ್ಲ. ಈ ಬಗೆಯ ಲೇಪಗಳಲ್ಲಿ ಹೆಸರಾದ ಸ್ಕಾಚ್‌ಗಾರ್ಡ್ ಹುಟ್ಟಿದ್ದು 1953ರಲ್ಲಿ ಅಮೆರಿಕದ 3ಎಂ ಕಂಪನಿಯ ಪ್ರಯೋಗಾಲಯದಲ್ಲಿ. ಸಹಾಯಕಿಯೊಬ್ಬರ ಕ್ಯಾನ್ವಾಸ್ ಶೂ ಮೇಲೆ ಬಿದ್ದ ಫ್ಲೋರಿನ್ ಸಂಯುಕ್ತವನ್ನು ಯಾವುದರಿಂದಲೂ ತೊಳೆಯಲಾಗಲಿಲ್ಲ, ಆ ಜಾಗ ಮಾತ್ರ ಕೊಳೆಯಾಗದೆ ಉಳಿಯಿತು. ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಅದನ್ನೇ ಬೆನ್ನುಹತ್ತಿದರು. ಆದರೆ ಹಳೆಯ ಸೂತ್ರದ ಪಿಎಫ್‌ಒಎಸ್ ಎಂಬ ಫ್ಲೋರಿನ್ ಸಂಯುಕ್ತ ಮಣ್ಣಿನಲ್ಲೂ ರಕ್ತದಲ್ಲೂ ವಿಘಟನೆಯಾಗದೆ ಉಳಿಯುತ್ತದೆ ಎಂದು ತಿಳಿದು, 2000ದಲ್ಲಿ ಕಂಪನಿ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. 2009ರಲ್ಲಿ ಅದು ಇಂಥ ನಾಶವಾಗದ ಮಾಲಿನ್ಯಕಾರಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ಪಟ್ಟಿಗೂ ಸೇರಿತು. ಫ್ಲೋರಿನ್ ಇಲ್ಲದ ಲೇಪಗಳೂ ಈಗ ಇವೆ. ಅವು ನೀರನ್ನು ತಡೆಯುತ್ತವೆ, ಎಣ್ಣೆಯನ್ನು ಅಷ್ಟಾಗಿ ತಡೆಯುವುದಿಲ್ಲ. ತಲೆಗೆ ಎಣ್ಣೆ ಹಚ್ಚುವ ನಮ್ಮಂಥವರ ಹೆಡ್‌ರೆಸ್ಟಿಗೆ ತೊಳೆಯಬಹುದಾದ ಹತ್ತಿಯ ಗವಸೇ ಮೇಲು.

ಕುಶನ್_ಕೆಲಸ

ರೆಕ್ಸಿನ್ ಕವರ್ ಬಗ್ಗೆಯೂ ಕೇಳುವವರಿರುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಪಿವಿಸಿಯದು ಕಲೆ ಹಿಡಿಯುವುದಿಲ್ಲ, ಬಿಸಿಲಿಗೆ ಗಡುಸಾಗಿ ಬಿರುಕು ಬಿಡುತ್ತದೆ. ಪಿಯು (ಪಾಲಿಯುರೆಥೇನ್) ಲೆದರ್ ಮೆತ್ತಗೆ, ಕೈಗೆ ಹಿತ. ಆದರೆ ತೇವದ ಹವೆಯಲ್ಲಿ ಅದರ ಮೇಲ್ಪದರ ಕೆಲವೇ ವರ್ಷಗಳಲ್ಲಿ ಸಿಪ್ಪೆಯಾಗಿ ಏಳುತ್ತದೆ. ಆಗುಂಬೆ, ತೀರ್ಥಹಳ್ಳಿ ಕಡೆಯ ಗಾಡಿಗಳಲ್ಲಿ ಎಷ್ಟೋ ನೋಡಿದ್ದೇನೆ. ಒಳ್ಳೆಯ ಪಾಲಿಯೆಸ್ಟರ್ ಬಟ್ಟೆ ಇರುವಾಗ ಅದನ್ನು ಮುಚ್ಚುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ತೋಟದದಾರಿ

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಸೀಟು ಬಿಚ್ಚಿದೆ. ಹದಿನಾಲ್ಕು ರಿಂಗುಗಳಲ್ಲಿ ಐದು ತುಕ್ಕು ತಿಂದು ದಾರದಷ್ಟು ತೆಳುವಾಗಿದ್ದವು, ಆ ಐದರ ಸುತ್ತಲೇ ಕಪ್ಪು. ನಿಂಬೆ ಉಪ್ಪಿನ ನೀರಿಗೆ ಬಟ್ಟೆ ಇಳಿಸಿದಾಗ ಕಪ್ಪು ಚುಕ್ಕಿಯ ಅಂಚು ಮೊದಲು ನೀಲಿಯಾಗಿ, ನಂತರ ಬೂದಿಯಾಗಿ, ಹತ್ತು ನಿಮಿಷದಲ್ಲಿ ಕಣ್ಣೆದುರೇ ಕರಗಿತು. ಅಮ್ಮನನ್ನು ಕರೆದು ತೋರಿಸಿದೆ. ಫೋಮ್ ತೊಳೆದ ನೀರು ಏಳು ಸಲ ಕಂದಾಗಿಯೇ ಬಂತು, ಎಂಟನೆಯದು ತಿಳಿಯಾಯಿತು. ಅದನ್ನು ಅಡಿಕೆ ಅಟ್ಟದ ನೆರಳಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ ಮೂರು ದಿನ ಒಣಗಿಸಿದೆ. ಬಟ್ಟೆಯ ಕಂದಿಗೆ ಪೆರಾಕ್ಸೈಡ್ ಎರಡು ಸಲ ಬೇಕಾಯಿತು.

ಬಟ್ಟೆ ಈಗ ಸ್ವಚ್ಛ. ಆದರೆ ಹೊಲಿಗೆಯ ನೂಲು ಮಾತ್ರ ಕಂದಾಗಿಯೇ ಉಳಿದಿದೆ. ಅಲ್ಲೂ ಚೊಗರು ಇಳಿದಿತ್ತು, ಅಷ್ಟೇ ಸಲ ತೊಳೆದಿದ್ದೇನೆ.

ಕುಶನ್_ಕೆಲಸ

ಆ ನೂಲು ನೈಲಾನ್ ಇರಬೇಕು. ಬಲಕ್ಕಾಗಿ ಅದನ್ನು ಹಾಕುವುದುಂಟು.

ಬಣ್ಣದಬೆನ್ನುಹತ್ತಿ

ಹೌದು. ನೈಲಾನ್ ಟ್ಯಾನಿನ್ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ರೇಷ್ಮೆಯ ಹಾಗೆ. ಇನ್ನು ಉಜ್ಜಬೇಡಿ, ನೂಲು ಸಡಿಲವಾಗುತ್ತದೆ.

ಕುಶನ್_ಕೆಲಸ

ಬೇಕೆಂದರೆ ಆ ಎರಡು ಸಾಲನ್ನು ಬಿಚ್ಚಿ, ಅದೇ ತೂತುಗಳಲ್ಲಿ ಬಾಂಡೆಡ್ ಪಾಲಿಯೆಸ್ಟರ್ ನೂಲಿನಿಂದ ಹೊಲಿಯಬಹುದು, ಅರ್ಧ ದಿನದ ಕೆಲಸ. ರಿಂಗು ಮಾತ್ರ ಸತುವಿನ ಲೇಪ ಇರುವುದನ್ನೇ ಹಾಕಿಸಿ.

ತೋಟದದಾರಿ

ರಿಂಗು ಹೊಸದು ಹಾಕಿದೆ. ನೂಲು ಹಾಗೆಯೇ ಇರಲಿ ಎಂದು ಅಮ್ಮ ಹೇಳಿದರು, ಗೋಧಿ ಬಣ್ಣಕ್ಕೆ ಕಂದು ಹೊಲಿಗೆ ಅವರಿಗೆ ಚೆನ್ನಾಗಿ ಕಾಣುತ್ತಿದೆಯಂತೆ. ನಿನ್ನೆ ಭಾವನ ಮನೆಗೆ ಹೋಗುವಾಗ ಟವೆಲ್ ಇಲ್ಲದೆ ಕುಳಿತರು. ಚೊಗರಿನ ಕ್ಯಾನ್ ಡಿಕ್ಕಿಯಲ್ಲಿ, ಅಂಚು ಎತ್ತರವಿರುವ ಪ್ಲಾಸ್ಟಿಕ್ ಟಬ್ಬಿನೊಳಗೆ ಇತ್ತು. ಇಬ್ಬರಿಗೂ ಮನಸಾರೆ ಧನ್ಯವಾದ.