ಚಿಪ್ 25 ಡಿಗ್ರಿಯಲ್ಲೇ ಇದ್ದರೂ ಬೆಳಕು ಇಳಿಯುತ್ತಿದೆ: ಫೋಟಾನಿಕ್ ಪ್ಯಾಕೇಜಿಂಗ್‌ನಲ್ಲಿ ದೋಷ ಎಲ್ಲಿ?

ಪಯಸ್ವಿನಿ, ಬದಿಯಡ್ಕ (ಕಾಸರಗೋಡು)

ಸ್ನಾತಕೋತ್ತರ ಪ್ರಾಜೆಕ್ಟಿಗಾಗಿ 5 ಮಿ.ಮೀ. ಚದರದ ಸಿಲಿಕಾನ್ ಫೋಟಾನಿಕ್ ಚಿಪ್ (ವಿದ್ಯುತ್ತಿನ ಬದಲು ಬೆಳಕನ್ನು ಸಾಗಿಸುವ ಚಿಪ್) ಒಂದನ್ನು ಪ್ಯಾಕೇಜ್ ಮಾಡುತ್ತಿದ್ದೇನೆ, ಅಂದರೆ ಫೈಬರ್ ಜೋಡಿಸಿ ಬಳಕೆಗೆ ಸಿದ್ಧಗೊಳಿಸುತ್ತಿದ್ದೇನೆ. ಚಿಪ್‌ನ ಅಡಿಯಲ್ಲಿ ಪೆಲ್ಟಿಯರ್ (ವಿದ್ಯುತ್ತಿನಿಂದ ಶಾಖವನ್ನು ಮೇಲಿನಿಂದ ಕೆಳಕ್ಕೆ ಸಾಗಿಸಿ ತಂಪು ಮಾಡುವ ಫಲಕ), ಅದರಡಿಯಲ್ಲಿ ಅಲ್ಯೂಮಿನಿಯಂ ತಟ್ಟೆ ಇದೆ. ಬೆಳಕನ್ನು ಫೈಬರ್‌ನಿಂದ ಚಿಪ್‌ನ ಒಳಕ್ಕೂ ಹೊರಕ್ಕೂ ದಾಟಿಸುವ ಗ್ರೇಟಿಂಗ್ ಕಪ್ಲರ್‌ಗಳ ಮೇಲೆ ಎರಡು ಫೈಬರ್‌ಗಳನ್ನು ಹಿಡಿದಿರುವ ಕಂಬಗಳನ್ನೂ ಚಿಪ್‌ನ ಎರಡು ಬದಿಗಳಲ್ಲಿ, ಗ್ರೇಟಿಂಗ್‌ನಿಂದ 7 ಮಿ.ಮೀ. ದೂರದಲ್ಲಿ, ಅದೇ ತಟ್ಟೆಗೆ ತಿರುಪಿನಿಂದ ಬಿಗಿದಿದ್ದೇನೆ. ಬೆಳಿಗ್ಗೆ ಜೋಡಿಸಿದಾಗ ಫೈಬರ್‌ನಿಂದ ಫೈಬರ್‌ಗೆ 9 ಡೆಸಿಬೆಲ್ ಇರುವ ನಷ್ಟ, ಚಿಪ್ ಮೇಲಿನ ಹೀಟರ್ ಹಾಕಿ ಒಂದು ಗಂಟೆಯಾಗುವಷ್ಟರಲ್ಲಿ 12ಕ್ಕೆ ಏರುತ್ತದೆ, ಅಂದರೆ ಬರುತ್ತಿದ್ದ ಬೆಳಕಿನಲ್ಲೂ ಅರ್ಧ ಹೋಗುತ್ತದೆ. ಚಿಪ್‌ನ ತಾಪ ಅಳೆಯುವ ಥರ್ಮಿಸ್ಟರ್ ಮಾತ್ರ 25 ಡಿಗ್ರಿಯಿಂದ ಕದಲುವುದಿಲ್ಲ. ಆಟಿಯ ಮಳೆ ಹಿಡಿದ ಮೇಲೆ ಫೈಬರ್ ತುದಿಯ ಬುಡದಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವಂತಹ ಪುಟ್ಟ ನೀರಹನಿಯೂ ಕೂರುತ್ತಿದೆ. ಇನ್ನೂ ದೊಡ್ಡ ಪೆಲ್ಟಿಯರ್ ಹಾಕಬೇಕೇ?

ಗಡಿಯವನು, ಹೊಸೂರು

ದಯವಿಟ್ಟು ದೊಡ್ಡದನ್ನು ಹಾಕಬೇಡಿ. ಮೊದಲು ಚಿಪ್‌ನಲ್ಲಿರುವ ರಿಂಗ್ ರೆಸೊನೇಟರ್‌ನ (ಒಂದು ನಿರ್ದಿಷ್ಟ ತರಂಗಾಂತರಕ್ಕೆ ಮಾತ್ರ ಸ್ಪಂದಿಸುವ ಬೆಳಕಿನ ಉಂಗುರದ) ತರಂಗಾಂತರವನ್ನು ನೋಡಿ: ಸಿಲಿಕಾನ್ ರಿಂಗ್ ಡಿಗ್ರಿಗೆ ಸುಮಾರು 0.07 ನ್ಯಾನೊಮೀಟರ್ ಸರಿಯುತ್ತದೆ. ಅದು ಇದ್ದಲ್ಲೇ ಇದ್ದು, ಎಲ್ಲ ತರಂಗಾಂತರಗಳಲ್ಲಿಯೂ ಬೆಳಕು ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಚಿಪ್ ನಿರ್ದೋಷಿ, ಸರಿದಿರುವುದು ಫೈಬರ್. ನೀವು ಚಿಪ್‌ನಿಂದ ತೆಗೆದ ಶಾಖವೂ ಪೆಲ್ಟಿಯರ್ ಸ್ವತಃ ತಿನ್ನುವ ವಿದ್ಯುತ್ತಿನ ಶಾಖವೂ ಕೂಡಿ ಕಂಬಗಳು ನಿಂತಿರುವ ತಟ್ಟೆಗೇ ಇಳಿಯುತ್ತಿವೆ. ಅಲ್ಯೂಮಿನಿಯಂ ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ 23 ಮೈಕ್ರಾನ್ ಹಿಗ್ಗುತ್ತದೆ. ತಟ್ಟೆ 30ರಿಂದ 50 ಡಿಗ್ರಿಗೆ ಏರಿದರೆ ನಿಮ್ಮ 7 ಮಿ.ಮೀ. ಅಂತರದಲ್ಲಿ ಅದು 3.2 ಮೈಕ್ರಾನ್ ಆಗುತ್ತದೆ. ಫೈಬರ್‌ನ ಬೆಳಕಿನ ಕಲೆಯ ವ್ಯಾಸವೇ 10 ಮೈಕ್ರಾನ್ ಚಿಲ್ಲರೆ ಇರುವಾಗ ಇಷ್ಟು ಸರಿದರೆ ಒಂದೊಂದು ಬದಿಯಲ್ಲಿ ಒಂದೂವರೆ ಡೆಸಿಬೆಲ್‌ಗಿಂತ ತುಸು ಹೆಚ್ಚು ಹೋಗುತ್ತದೆ. ಎರಡೂ ಬದಿ ಸೇರಿಸಿದರೆ ನಿಮ್ಮ 3 ಡೆಸಿಬೆಲ್‌ಗೆ ಲೆಕ್ಕ ಸಿಕ್ಕಿತು.

ಬೋರಿ ದಂಡೆ, ಅಕ್ಕಲಕೋಟೆ

ನೀರಹನಿಯ ಮಾತು. ನಮ್ಮ ಸೊಲ್ಲಾಪುರದ ಕಡೆಯ ಒಣ ಬೇಸಿಗೆಯಲ್ಲಿ 25 ಡಿಗ್ರಿ ನಡೆಯುತ್ತದೆ, ನಿಮ್ಮ ಕರಾವಳಿಯ ಮಳೆಗಾಲದಲ್ಲಿ ನಡೆಯದು. ಗಾಳಿ 30 ಡಿಗ್ರಿಯಲ್ಲಿದ್ದು ಆರ್ದ್ರತೆ ಶೇಕಡಾ 85 ಇದ್ದರೆ 27 ಡಿಗ್ರಿಗೇ ಇಬ್ಬನಿ ಕೂರುತ್ತದೆ. ಚಿಪ್ಪನ್ನು 38 ಅಥವಾ 40 ಡಿಗ್ರಿಯಲ್ಲಿ ಸ್ಥಿರವಾಗಿ ನಿಲ್ಲಿಸಿ, ಇಬ್ಬನಿಯೂ ಕೂರದು, ಪೆಲ್ಟಿಯರ್‌ಗೂ ಕೆಲಸ ಕಡಿಮೆಯಾಗಿ ತಟ್ಟೆಗೆ ಇಳಿಯುವ ಶಾಖವೂ ತಗ್ಗುತ್ತದೆ. ರಿಂಗ್‌ಗೆ ಬೇಕಾದದ್ದು ತಂಪಲ್ಲ, ಸ್ಥಿರತೆ. ಲೇಸರ್ ಚಿಪ್ಪಿನ ಮೇಲೆಯೇ ಇದ್ದಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ, ಏಕೆಂದರೆ ಬಿಸಿಯೇರಿದಂತೆ ಅದರ ದಕ್ಷತೆ ಕುಸಿಯುತ್ತದೆ.

ಪಯಸ್ವಿನಿ, ಬದಿಯಡ್ಕ

ರಿಂಗ್ ನಿಜಕ್ಕೂ ಇದ್ದಲ್ಲೇ ಇತ್ತು. 38 ಡಿಗ್ರಿಗೆ ಇಟ್ಟ ಮೇಲೆ ತಟ್ಟೆ ಕೈಗೆ ಬೆಚ್ಚಗೆ ಕೂಡ ಅನ್ನಿಸಲಿಲ್ಲ, ಹನಿ ಮತ್ತೆ ಕೂರಲಿಲ್ಲ, ಎರಡು ಗಂಟೆಯಲ್ಲಿ ಅರ್ಧ ಡೆಸಿಬೆಲ್‌ನಷ್ಟೇ ವ್ಯತ್ಯಾಸವಾಯಿತು. ಉಳಿದದ್ದನ್ನೂ ಕಳೆಯಲು ಫೈಬರನ್ನು ಚಿಪ್ಪಿಗೇ ಅಂಟಿಸಬಹುದೇ?

ಗಡಿಯವನು, ಹೊಸೂರು

ಅಂಟಿಸಲೇಬೇಕು, ಕಂಬಗಳನ್ನು ತೆಗೆದುಬಿಡಿ. ಫೈಬರ್ ಕೂರಿಸಿದ ಬೊರೊಸಿಲಿಕೇಟ್ ಗಾಜಿನ ದಿಂಡು ಸಿಲಿಕಾನ್‌ಗೆ ಸಮೀಪದ ಪ್ರಮಾಣದಲ್ಲೇ ಹಿಗ್ಗುತ್ತದೆ, ಅವೆರಡೂ ಜೊತೆಯಾಗಿಯೇ ಚಲಿಸುತ್ತವೆ. ಗಾಜಿನ ವಕ್ರೀಭವನಕ್ಕೆ ಹೊಂದುವ ಅಂಟು ಹಾಕಿದರೆ ಫೈಬರ್ ತುದಿಯಲ್ಲಿ ಪ್ರತಿಫಲನದಿಂದ ಹೋಗುವ ಶೇಕಡಾ ಮೂರೂವರೆಯಷ್ಟು ಬೆಳಕೂ ಉಳಿಯುತ್ತದೆ. ಒಂದು ಎಚ್ಚರಿಕೆ: ಗ್ರೇಟಿಂಗ್‌ಗೆ ಬೆಳಕು ತುಸು ಓರೆಯಾಗಿ ಬೀಳಬೇಕು; ಗಾಳಿಯಲ್ಲಿ 10 ಡಿಗ್ರಿ ಓರೆಗೆ ಸಮನಾದದ್ದು ಅಂಟಿನೊಳಗೆ ಸುಮಾರು 7 ಡಿಗ್ರಿ, ಹಾಗಾಗಿ ದಿಂಡನ್ನು ಆ ಕೋನಕ್ಕೇ ಉಜ್ಜಿಸಿಕೊಳ್ಳಿ. ಅಂಟಿನ ಪದರ ತೆಳ್ಳಗಿರಲಿ. ಗಟ್ಟಿಯಾಗುವಾಗ ಅದು ಕುಗ್ಗುತ್ತದೆ, ದಪ್ಪ ಹೆಚ್ಚಿದಷ್ಟೂ ದಿಂಡನ್ನು ಎಳೆಯುತ್ತದೆ. ಅಂಟನ್ನು ಗಟ್ಟಿಗೊಳಿಸುವ ಯುವಿ (ನೇರಳಾತೀತ) ದೀಪ ಹಚ್ಚಿರುವಾಗಲೂ ಪವರ್ ಮೀಟರಿನಿಂದ ಕಣ್ಣು ತೆಗೆಯಬೇಡಿ.