ಪದ ಬೇಕು: ‘ಹಾರ್ನ್ಡ್ ಲಿಝರ್ಡ್’ ಮರಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶುಕ್ರವಾರದೊಳಗೆ ಒಂದು ಹಾಳೆ ಅಚ್ಚಿಗೆ ಹೋಗಬೇಕು, ಅದಕ್ಕೇ ಈ ಅವಸರ. ನಾನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಭಾನುವಾರದ ಕನ್ನಡ ತರಗತಿಯ ಮಕ್ಕಳನ್ನು ಕೆನಡಿ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಊರಿಂದ ಬಂದಿರುವ ಅಜ್ಜ ಅಜ್ಜಿಯರೂ ಜೊತೆಗಿರುತ್ತಾರೆ, ಅವರ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಏನು ಬಂತು? ನೋಡಬೇಕಾದ್ದು ಹಾರ್ನ್ಡ್ ಲಿಝರ್ಡ್, 1993ರಿಂದ ಟೆಕ್ಸಸ್‌ನ ರಾಜ್ಯ ಸರೀಸೃಪ. ಚಪ್ಪಟೆ ಮೈ, ತಲೆಯ ಹಿಂದೆ ಎರಡು ದೊಡ್ಡ ಕೊಂಬು, ಮೈಯಂಚಿಗೆ ಎರಡು ಸಾಲು ಮುಳ್ಳು, ನಡುಬೆನ್ನಲ್ಲಿ ಒಂದು ಬಿಳಿ ಗೆರೆ. ನಾಯಿ ನರಿ ಬಾಯಿ ಹಾಕಿದರೆ ಕಣ್ಣಿಂದ ರಕ್ತ ಚಿಮ್ಮಿಸುತ್ತದೆ. ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು!

ನನ್ನ ಕಷ್ಟ ಮೂರು. ಪ್ರಾಣಿಗೆ ‘ಕೊಂಬಿನ ಹಲ್ಲಿ’ ಅಂತ ಹಾಕಿದ್ದೇನೆ, ಸರಿಯೇ? ಎರಡನೆಯದು, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಮೊಟ್ಟೆಯೊಡೆದು ಬಂದ ಮರಿ ಬೇರೆ, ಅದೇ ಮರಿ ಚಳಿಗಾಲವೆಲ್ಲ ಮಣ್ಣಿನಡಿ ಮಲಗಿದ್ದು ಏಪ್ರಿಲ್‌ನಲ್ಲಿ ಮೇಲೆ ಬಂದಾಗ ಕಾಣುವ ರೂಪ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇದೆ, ನಮ್ಮಲ್ಲಿ ಎರಡೂ ‘ಮರಿ’. ಮೂರನೆಯದು ‘ಫಾಲ್’, ಇಲ್ಲಿ ಚಳಿಗಾಲಕ್ಕೆ ಮುಂಚೆ ಬರುವ ಕಾಲ. ಶರದೃತು ಅಂದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ.

ಸ್ಯಾನ್ ಆಂಟೋನಿಯೊ

•

‘ಹಲ್ಲಿ’ ತಪ್ಪು. ತೆಗೆಯಿರಿ. ಹಲ್ಲಿ ಗೋಡೆಯದು, ರಾತ್ರಿಯದು, ಅದರ ಬಳಗವೇ ಬೇರೆ. ಓತಿಕ್ಯಾತ, ಗೋಸುಂಬೆ, ಇಗ್ವಾನ, ನಿಮ್ಮ ಈ ಟೆಕ್ಸಸ್ ಪ್ರಾಣಿ, ಎಲ್ಲವೂ ಇಗ್ವಾನಿಯ ಅನ್ನುವ ಒಂದೇ ದೊಡ್ಡ ಬಳಗಕ್ಕೆ ಸೇರಿದವು. ಬಿಸಿಲಲ್ಲಿ ಓಡಾಡುವ ಇಂಥದ್ದಕ್ಕೆ ನಮ್ಮಲ್ಲಿ ‘ಓತಿ’ ಇದೆ. ಮಲೆನಾಡಿನಲ್ಲಿ ಮರದಿಂದ ಮರಕ್ಕೆ ತೇಲುವುದನ್ನು ಯಾರೂ ‘ಹಾರುವ ಹಲ್ಲಿ’ ಅನ್ನುವುದಿಲ್ಲ, ಹಾರುವ ಓತಿ ಅಂತಲೇ ಅನ್ನುವುದು. ಲಿಝರ್ಡ್ ಕಂಡಲ್ಲೆಲ್ಲ ಹಲ್ಲಿ ಅಂತ ಬರೆಯುವ ಚಾಳಿ ಪತ್ರಿಕೆಗಳದು. ಕೊಂಬೋತಿ ಅನ್ನಿ, ಮುಗಿಯಿತು.

ಮೈಸೂರು

•

ಓತಿ ಒಪ್ಪಿದೆ, ‘ಕೊಂಬು’ ಒಪ್ಪುವುದಿಲ್ಲ. ‘ಕೊಂಬೋತಿ’ ಅಂತ ಓದಿದವರು ಕೊಂಬೆ ಮೇಲಿನ ಓತಿ ಅಂದುಕೊಳ್ಳುತ್ತಾರೆ. ಕೊಂಬೇರಿ ಮೂರ್ಕ ಅನ್ನುವ ಹಾವಿನ ಹೆಸರಲ್ಲಿ ಇರುವುದು ಕೊಂಬೆಯೇ ಅಲ್ವಾ? ಈ ಪ್ರಾಣಿಯಾದರೋ ಮರಳು ನೆಲ ಬಿಟ್ಟು ಏಳುವುದೇ ಇಲ್ಲ. ಕೋಡು ಹಳೆಯ ಪದ, ಮೊನಚಾಗಿ ಮೇಲೆದ್ದದ್ದಕ್ಕೆಲ್ಲ ಬರುತ್ತದೆ: ಬೆಟ್ಟದ ಕೋಡು, ಕೋಡುಗಲ್ಲು, ಮೊಲಕ್ಕೆ ಕೋಡು. ತಲೆಯ ಮೇಲಿನದಕ್ಕೆ ಒಳಗೆ ಮೂಳೆ ಇದೆ, ಅದು ಕೋಡೇ. ಮೈಮೇಲಿನವು ಬರೀ ಹುರುಪೆ ಚೂಪಾದದ್ದು, ಅವು ಮುಳ್ಳು. ಕೋಡೋತಿ. ಲೋಪಸಂಧಿಯಾಗಿ ತಾನಾಗಿ ಕೂಡುತ್ತದೆ.

ಮರಿಗೆ ಚಿಂತೆ ಬೇಡ. ಎಳೆಮರಿ, ಬಲಿತ ಮರಿ. ದನ ಕಟ್ಟುವವರು ಕರು, ಕಡಸು ಅಂತ ಬೇರೆ ಮಾಡುವ ಹಾಗೆ.

ಶಿರಸಿ

•

ಇದೆಲ್ಲ ಯಾಕೆ? ಅಲ್ಲಿನ ಪ್ರಾಣಿ, ಅಲ್ಲಿನ ಹೆಸರು. ಕಾಂಗರೂ, ಪೆಂಗ್ವಿನ್ ಕನ್ನಡದಲ್ಲಿ ಸುಖವಾಗಿಲ್ಲವೇ? ಕೋಡೋತಿ ಅಂದರೆ ಮಕ್ಕಳಿಗೆ ಕೋಡುಬಳೆ ನೆನಪಾಗುತ್ತದೆ. ‘ಹಾರ್ನ್ಡ್ ಲಿಝರ್ಡ್’ ಅಂತಲೇ ಹಾಕಿ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ಹೆಸರು ಅದೇ.

ಬೆಂಗಳೂರು

•

ಕಾಂಗರೂ ಬೇರೆ ಮಾತು. ಅದನ್ನು ಬಿಡಿಸಿದರೆ ನಮಗೆ ಏನೂ ಸಿಗುವುದಿಲ್ಲ, ಹಾಗಾಗಿ ಹಾಗೇ ಬಂತು. ಹಾರ್ನ್ಡ್ ಲಿಝರ್ಡ್ ಹೆಸರಲ್ಲ, ವಿವರಣೆ. ವಿವರಣೆಯನ್ನು ಎರವಲು ತರುವುದು ಸೋಮಾರಿತನ. ಅಮೆರಿಕದಿಂದ ಬಂದ ಖಾರದ ಕಾಯಿಯನ್ನು ನಮ್ಮವರು ಮೆಣಸಿನ ಪಕ್ಕ ಇಟ್ಟು ನೋಡಿ ಮೆಣಸಿನಕಾಯಿ ಅಂದರು. ಅಲ್ಲಿಂದಲೇ ಬಂದ ಅನಾನಸ್ ಮಾತ್ರ ಹೆಸರಿನ ಸಮೇತ ಬಂತು. ಎರಡೂ ಕನ್ನಡವೇ. ಯಾವುದನ್ನು ಯಾವಾಗ ಮಾಡಬೇಕು ಅಂತ ಆಡುವವರಿಗೆ ಗೊತ್ತಿತ್ತು. ಮೆಕ್ಸಿಕೊದ ಸ್ಪ್ಯಾನಿಷ್ ಮಂದಿ ಇದೇ ಪ್ರಾಣಿಯನ್ನು ಕಮಲಿಯೋನ್ ಅನ್ನುತ್ತಾರೆ, ಅಂದರೆ ಗೋಸುಂಬೆ. ಅವರೂ ತಮಗೆ ಗೊತ್ತಿದ್ದದ್ದರ ಪಕ್ಕವೇ ಇಟ್ಟರು. ಟೆಕ್ಸಸ್‌ನವರು ಕಪ್ಪೆ ಅಂದರು. ವಿಜ್ಞಾನದ ಹೆಸರು ಫ್ರೈನೋಸೋಮಾ, ಅದಕ್ಕೂ ಗ್ರೀಕಿನಲ್ಲಿ ಕಪ್ಪೆಮೈ ಅಂತಲೇ ಅರ್ಥ. ನಾವು ಓತಿ ಅಂದರೆ ಇವರೆಲ್ಲರಿಗಿಂತ ಸರಿಯಾಗಿ ಹೇಳಿದ ಹಾಗೆ.

ಕೊಂಬು ಬಿಟ್ಟುಕೊಟ್ಟೆ. ಶಿರಸಿಯವರ ಕೋಡು ಇರಲಿ.

ಮೈಸೂರು

•

ಎಲ್ಲರಿಗೂ ಧನ್ಯವಾದ. ಬೆಂಗಳೂರಿನವರು ಬೇಸರ ಮಾಡಿಕೊಳ್ಳಬೇಡಿ, ಇಂಗ್ಲಿಷ್ ಹೆಸರನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕುತ್ತೇನೆ. ಮೇಲೆ ದೊಡ್ಡದಾಗಿ ಕೋಡೋತಿ. ಅಮ್ಮನಿಗೆ ಚಿತ್ರ ತೋರಿಸಿ ಆ ಹೆಸರು ಹೇಳಿದೆ. “ಓತಿಕ್ಯಾತದ ಮೇಲೆ ಯಾರೋ ಕಾಲಿಟ್ಟ ಹಾಗಿದೆ” ಅಂದರು. ಹಲ್ಲಿ ಅಂದಾಗ ಮುಖ ಸಿಂಡರಿಸಿದ್ದರು.

ಆದರೆ ಒಂದು ಮಾತು. ಮೊಟ್ಟೆಯಿಂದ ಆಗ ತಾನೇ ಬಂದ ಎಳೆಮರಿಗೆ ಕೋಡು ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತದೆ. ಹೋದ ಸೆಪ್ಟೆಂಬರ್‌ನಲ್ಲಿ ಒಂದು ಮಣ್ಣು ಓಣಿಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದ್ದೇನೆ. ಒಂದು ನಾಣ್ಯದಷ್ಟು ಮೈ, ಮಣ್ಣಿನದೇ ಬಣ್ಣ, ತಲೆ ಹಿಂದೆ ರಾಗಿ ಕಾಳಿನಂಥ ಎರಡು ಉಬ್ಬು. ಅಲುಗಾಡದೆ ಇದ್ದಷ್ಟು ಹೊತ್ತು ಅದು ಬೆಣಚುಕಲ್ಲೇ. ಒಂದು ಸಣ್ಣ ಇರುವೆ ಪಕ್ಕಕ್ಕೆ ಬಂದಾಗ ನಾಲಿಗೆ ಹೊರಬಂತು, ಆಗಲೇ ಗೊತ್ತಾದದ್ದು. ಹಾಗಾಗಿ ಹಾಳೆಯಲ್ಲಿ ‘ಕೋಡು ಹುಡುಕಬೇಡಿ, ಬೆನ್ನಿನ ಬಿಳಿ ಗೆರೆ ಹುಡುಕಿ’ ಅಂತ ಸೇರಿಸಿದ್ದೇನೆ. ‘ಮುಟ್ಟಬೇಡಿ, ಎತ್ತಿಕೊಳ್ಳಬೇಡಿ’ ಅಂತಲೂ ಇದೆ. ಇಲ್ಲಿ 1977ರಿಂದ ಕಾನೂನಿನ ರಕ್ಷಣೆ ಇದೆ. ಶರದೃತು ಬಿಟ್ಟು ತಿಂಗಳ ಹೆಸರನ್ನೇ ಹಾಕಿದೆ, ಮಣ್ಣಿನಡಿ ಮಲಗುವುದಕ್ಕೆ ‘ಚಳಿನಿದ್ದೆ’.

ಈಗ ಕೊನೆಯದೊಂದು, ಇವತ್ತು ರಾತ್ರಿಯೊಳಗೆ ಬೇಕು. ಕೋಡೋತಿ ಜಾಸ್ತಿ ತಿನ್ನುವುದು ಬೀಜ ಕೂಡಿಡುವ ದೊಡ್ಡ ಕೆಂಪಿರುವೆ. ಆ ಇರುವೆಯನ್ನು ಓಡಿಸಿ ಕೋಡೋತಿಯ ಹೊಟ್ಟೆಗೆ ಕಲ್ಲು ಹಾಕಿದ್ದು ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದ ಇನ್ನೊಂದು ಸಣ್ಣ ಕೆಂಪಿರುವೆ. ಎರಡನ್ನೂ ಕೆಂಪಿರುವೆ ಅಂದರೆ ಊಟ ಯಾವುದು ಶತ್ರು ಯಾವುದು ಗೊತ್ತಾಗುವುದಿಲ್ಲ. ಮೊದಲನೆಯದಕ್ಕೆ ‘ಕಾಳಿರುವೆ’ ಅಂತ ಯೋಚಿಸಿದ್ದೇನೆ. ಎರಡನೆಯದಕ್ಕೆ ಕೆಂಜಿಗ ಅನ್ನಬಹುದೇ, ಅಥವಾ ನಿಮ್ಮ ಕಡೆ ಕೆಂಜಿಗ ಅಂದರೆ ಮರದ ಎಲೆ ಹೊಲಿಯುವ ಇರುವೆಯೇ?

ಸ್ಯಾನ್ ಆಂಟೋನಿಯೊ